ಒಂದು ಮೊಳ ಕಮ್ಮಿ

ಫೋನ್ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ನಾನು ವರ್ಕ್‌ಶಾಪಿನಲ್ಲಿ ಚಿಮಣಿ ಉಜ್ಜುವ ಬ್ರಷ್ಷುಗಳನ್ನು ತೊಳೆಯುತ್ತಿದ್ದೆ. ಆ ಕಡೆಯಿಂದ ಮಾತಾಡಿದ್ದು ನರ್ಸಮ್ಮನ ಅತ್ತೆ. ಮೂರು ವಾರದ ಹಿಂದೆ ಅವರ ಮನೆಯ ಹಳೇ ಅಗ್ಗಿಷ್ಟಿಕೆಯ ಗೂಡಿನೊಳಗೆ ಕಬ್ಬಿಣದ ಹೊಸ ಕಟ್ಟಿಗೆ ಒಲೆ ಕೂರಿಸಿ, ಚಿಮಣಿಗೆ ಲೈನರ್ ಇಳಿಸಿಕೊಟ್ಟಿದ್ದು ನಾವೇ.

“ನಿಮ್ಮ ಒಲೆ ತುಂಬಾ ಚೆನ್ನಾಗಿದೆ ಕಣಮ್ಮ,” ಅಂದರು. “ಆದ್ರೆ ಒಂದು ವಿಚಿತ್ರ ನೋಡು. ಬೂದಿ ತೆಗೆಯುವಾಗ ಚಿನ್ನದ ಬಣ್ಣದ ಕಾಳು ಸಿಗ್ತಿದೆ. ಹಗುರ, ಹೊಳೆಯುತ್ತೆ. ಒಂದು ಬಾಟಲಿ ತುಂಬಿಸಿಟ್ಟಿದೀನಿ. ನಿಮಗೇನಾದ್ರೂ ಬೇಕಾ?”

ಕೈಯಲ್ಲಿದ್ದ ಬ್ರಷ್ ಬಕೆಟ್ಟಿಗೆ ಬಿತ್ತು.

ಲೈನರ್ ಅಂದರೆ ಚಿಮಣಿಯ ಇಟ್ಟಿಗೆಯೊಳಗೆ ಮೇಲಿಂದ ಕೆಳಗಿನವರೆಗೆ ಇಳಿಬಿಡುವ ಸ್ಟೀಲ್ ಕೊಳವೆ. ಒಂದೇ ಅಖಂಡ ಕೊಳವೆ, ನಡುವೆ ಎಲ್ಲೂ ಜೋಡಣೆ ಇರಬಾರದು. ಹೊಗೆ ಅದರೊಳಗೇ ಹತ್ತಿ ಆಕಾಶ ಸೇರಬೇಕು. ಕೊಳವೆಗೂ ಇಟ್ಟಿಗೆಗೂ ನಡುವಿನ ಸಂದಿಗೆ ಶಾಖ ಹಿಡಿದಿಡಲು ಆ ಹೊಳೆಯುವ ಕಾಳು ಸುರಿಯುತ್ತೇವೆ. ಕಾಳು ಹೊರಗೆ, ಹೊಗೆ ಒಳಗೆ, ಇಷ್ಟೇ ನಮ್ಮ ವಿದ್ಯೆ. ಕಾಳು ಒಲೆಯೊಳಗೆ ಉದುರುತ್ತಿದೆ ಅಂದರೆ ಕೊಳವೆ ಎಲ್ಲೋ ಬಾಯಿಬಿಟ್ಟಿದೆ. ಕಾಳು ಒಳಗೆ ಬರುವ ದಾರಿಯಲ್ಲೇ ಹೊಗೆ ಹೊರಗೂ ಹೋಗುತ್ತದೆ, ಹಳೇ ಇಟ್ಟಿಗೆಯ ಸಂದಿಯಿಂದ ಮಹಡಿ ಕೋಣೆಗೆ. ಕಣ್ಣಿಗೆ ಕಾಣುವ ಹೊಗೆಯಾದರೆ ಪುಣ್ಯ, ಕೆಮ್ಮಿಸಿ ಎಬ್ಬಿಸುತ್ತದೆ. ಅದರ ಜೊತೆಗೆ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು ಕೊಡುತ್ತದೆ, ಆಮೇಲೆ ಒಳ್ಳೇ ನಿದ್ದೆ, ಆಮೇಲೆ ಎಚ್ಚರವೇ ಇಲ್ಲ.

“ಒಲೆ ಈಗ ಉರೀತಿದೆಯಾ?” ಅಂದೆ.

“ಬೆಳಿಗ್ಗೆಯಿಂದ ಉರೀತಿದೆ. ಸೊಸೆ ರಾತ್ರಿ ಪಾಳಿ ಮುಗಿಸಿ ಬಂದು ಮೇಲೆ ಮಲಗಿದಾಳೆ. ಪಾಪ, ಒಂದು ವಾರದಿಂದ ತಲೆನೋವು ಅಂತಾಳೆ. ಬೆಚ್ಚಗೆ ನಿದ್ದೆ ಮಾಡ್ಲಿ ಅಂತ ನಾನೇ ಎರಡು ಕಟ್ಟಿಗೆ ಜಾಸ್ತಿ ಹಾಕಿದೀನಿ.”

“ಎಬ್ಬಿಸಿ. ಈಗಲೇ ಹೋಗಿ ಎಬ್ಬಿಸಿ, ಹೊರಗೆ ಕರ್ಕೊಂಡು ಬನ್ನಿ.”

“ಅಯ್ಯೋ, ನಿದ್ದೆ ಕೆಡಿಸಿದ್ರೆ ನನ್ನ ಮೇಲೆ ಹಾರಾಡ್ತಾಳೆ.”

“ಹಾರಾಡ್ಲಿ! ಹಾರಾಡಿದ್ರೆ ಬದುಕಿದಾಳೆ ಅಂತ ಅರ್ಥ! ಫೋನ್ ಇಡ್ಬೇಡಿ, ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲು ಹತ್ತಿ!”

ಮೆಟ್ಟಿಲು ಕಿರುಗುಟ್ಟಿದ್ದು ಕೇಳಿಸಿತು. ಬಾಗಿಲು. ಒಂದು ಸಲ ಕರೆದರು, ಎರಡು ಸಲ, ಮೂರು ಸಲ. ಆಮೇಲೆ ದೂರದಿಂದ, ಬಾಯಲ್ಲಿ ಬಟ್ಟೆ ತುರುಕಿಕೊಂಡವರ ಹಾಗೆ, ಒಂದು ಹೆಣ್ಣು ದನಿ ತನ್ನ ಅತ್ತೆಯನ್ನು ಚೆನ್ನಾಗಿ ಬೈಯಿತು. ಅಂಥ ಇಂಪಾದ ಬೈಗುಳ ನಾನು ಜನ್ಮದಲ್ಲಿ ಕೇಳಿಲ್ಲ.

ಭಯ ಇಳಿದ ಜಾಗಕ್ಕೆ ಸಿಟ್ಟು ಏರಿತು. ಆ ದಿನ ನಾನು ಬೇರೊಂದು ಮನೆಯಲ್ಲಿದ್ದೆ. ಆ ಕೆಲಸಕ್ಕೆ ಹೋಗಿದ್ದು ಅಪ್ಪ ಮತ್ತು ಅಣ್ಣ. ಅಪ್ಪ ಅಳತೆ ಮಾಡುವುದು, ಮೇಲಿಂದ ಲೈನರ್ ಬಿಡುವುದು. ಅಣ್ಣ ಕೆಳಗೆ ಒಲೆಗೆ ಸೇರಿಸಿ ಚಿಮಣಿಯ ಬಾಯಿಗೆ ತಗಡಿನ ಪ್ಲೇಟು ಮುಚ್ಚುವುದು. ಹದಿನೈದು ವರ್ಷದಿಂದ ಹೀಗೇ. ಆದರೆ ಕೆಲಸ ಸರಿಯಾಗಿದೆ ಎಂಬ ಕಾಗದದ ಮೇಲೆ ಸಹಿ ನನ್ನದು, ಯಾಕೆಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವಳು ಮನೆಯಲ್ಲಿ ನಾನೊಬ್ಬಳೇ. “ಆಯ್ತು, ಹಾಕು,” ಎಂದು ಅಪ್ಪ ಅಂದಿದ್ದ, ನಾನು ಹೋಗಿ ನೋಡದೆ ಹಾಕಿದ್ದೆ.

ಅಣ್ಣ ಬೆಂಚಿನ ಹತ್ತಿರ ತಗಡು ಕತ್ತರಿಸುತ್ತಿದ್ದ.

“ನರ್ಸಮ್ಮನ ಮನೆ ಲೈನರ್ ಎಲ್ಲಿ ಜೋಡಿಸಿದೆ?” ಎಂದೆ.

“ಯಾಕೆ, ಏನಾಯ್ತು?”

“ಕೇಳಿದ್ದಕ್ಕೆ ಹೇಳು. ಪ್ಲೇಟು ಹಾಕಿದ್ದು ನೀನೇ ತಾನೆ?”

“ಹಾಕಿದ್ದು ಅಂದ್ರೆ... ನಾವು ಹಾಕಿದ್ವಿ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನಣ್ಣನನ್ನು ಮೀರಿಸುವವರಿಲ್ಲ. ನಾನು ಅವನನ್ನು ಬಿಟ್ಟು ಗೋಡೆ ನೋಡಿದೆ.

ಆ ಗೋಡೆಯ ಬಗ್ಗೆ ಹೇಳಲೇಬೇಕು. ಅಪ್ಪ ಲೈನರ್ ತರಿಸುವಾಗ ಯಾವಾಗಲೂ ಅಳತೆಗಿಂತ ಒಂದು ಮೊಳ ಜಾಸ್ತಿ ತರಿಸುತ್ತಾನೆ. ಕೆಲಸ ಮುಗಿದ ಮೇಲೆ ಉಳಿದ ಆ ಮೊಳದುದ್ದದ ತುಂಡನ್ನು ತಂದು ಗೋಡೆಯ ಮೊಳೆಗೆ ನೇತುಹಾಕುತ್ತಾನೆ. ಯಾರ ಮನೆಯದೆಂದು ಚೀಟಿ ಬರೆಯುವವಳು ಅಮ್ಮ, ಅವಳ ಅಕ್ಷರ ಮುದ್ದು. ಮೂರು ಚಳಿಗಾಲ ಆ ಚಿಮಣಿ ತಂಟೆ ಮಾಡದೆ ಎಳೆಯುವವರೆಗೆ ತುಂಡು ಅಲ್ಲಿಂದ ಇಳಿಯುವಂತಿಲ್ಲ. “ಲೈನರ್ ಸಾಲದೆ ಬಂದಿಲ್ಲ, ಎಲ್ಲೂ ಜೋಡಿಸಿಲ್ಲ ಅನ್ನೋದಕ್ಕೆ ಈ ತುಂಡೇ ಸಾಕ್ಷಿ,” ಎಂದು ಬಂದವರಿಗೆಲ್ಲ ತೋರಿಸುತ್ತಾನೆ. ಊರಲ್ಲಿ ಇನ್ನಾರಿಗೂ ಇಂಥ ಗೋಡೆ ಇಲ್ಲ.

ನರ್ಸಮ್ಮನ ಮನೆಯ ಚೀಟಿ ಇತ್ತು. ಅದರ ಮೊಳೆಗೆ ಅಪ್ಪನ ಕೆಲಸದ ಟೋಪಿ ತೂಗುತ್ತಿತ್ತು. ಮೂರು ವಾರದಿಂದ ಅದು ಅಲ್ಲೇ ತೂಗುತ್ತಿತ್ತು, ಮೂರು ವಾರದಿಂದ ನಾನು ಅದರ ಮುಂದೆಯೇ ಓಡಾಡುತ್ತಿದ್ದೆ. ಟೋಪಿ ಎತ್ತಿದೆ. ಕೆಳಗೆ ಖಾಲಿ ಮೊಳೆ. ಪಕ್ಕದ ಬೇಕರಿಯವರ ಮೊಳೆಯ ತುಂಡೂ ಮಾಯ.

“ಲೈನರ್ ಸಾಲಲಿಲ್ಲ, ಬೇಕರಿಯವರ ತುಂಡು ತಂದು ತೇಪೆ ಹಾಕಿದ್ದೀಯ,” ಎಂದೆ. “ನನ್ನ ಸಹಿ ಕೆಳಗೆ ಒಬ್ಬಳನ್ನ ಸಾಯಿಸ್ತಿದ್ದೆ, ಗೊತ್ತಾ? ಗಾಡಿ ಹತ್ತು!”

ಅಣ್ಣ ನಿಧಾನವಾಗಿ ಒಂದೊಂದೇ ಸಾಮಾನು ತುಂಬಿಸಿದ. ಅದೂ ನನ್ನ ಸಿಟ್ಟಿಗೆ ತುಪ್ಪ ಸುರಿಯಿತು.

ಗಾಡಿಯ ಕೀ ತರಲು ಅಂಗಳ ದಾಟಿ ಅಪ್ಪನ ಮನೆಗೆ ಓಡಿದೆ. ಅಮ್ಮ ಮಹಡಿ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹಣೆಗೆ ಎಂದಿನಂತೆ ನೀಲಿ ಬಟ್ಟೆಯ ಪಟ್ಟಿ ಬಿಗಿದಿದ್ದಳು.

“ಬರುವಾಗ ತಲೆನೋವಿನ ಮಾತ್ರೆ ತಗೊಂಡು ಬಾರೇ,” ಎಂದು ಮೇಲಿಂದಲೇ ಕೂಗಿದಳು.

“ಮೊದ್ಲು ಕನ್ನಡಕ ಬದಲಾಯಿಸು! ಬೆಳಗಾದ್ರೆ ಮಾತ್ರೆ ಮಾತ್ರೆ. ವಯಸ್ಸಾಯ್ತು, ಹೊಲಿಯೋದು ಬಿಡು ಅಂದ್ರೆ ಕೇಳಲ್ಲ,” ಎಂದು ಕೂಗುತ್ತಲೇ ಓಡಿದೆ.

ಅಮ್ಮನ ತಲೆನೋವು ನಮ್ಮ ಮನೆಯಲ್ಲಿ ಹಳೇ ತಮಾಷೆ. ಅವಳು ಚಿಕ್ಕಮ್ಮನ ಮನೆಗೆ ಹೋದರೆ ಎರಡೇ ದಿನಕ್ಕೆ ತಲೆನೋವು ಮಾಯ, ವಾಪಸ್ ಬಂದರೆ ಹಾಜರ್. “ನನ್ನ ಮುಖ ಕಂಡ್ರೆ ಅವಳಿಗೆ ತಲೆನೋವು,” ಅಂತ ಅಪ್ಪ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ನಾವೂ ನಗುತ್ತಿದ್ದೆವು.

ನಾವು ತಲುಪಿದಾಗ ನರ್ಸಮ್ಮ ಬಾಗಿಲ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅವಳ ಆಸ್ಪತ್ರೆಯಿಂದಲೇ ಗಾಡಿ ಬರುತ್ತಿತ್ತು, ರಕ್ತ ಪರೀಕ್ಷೆಗೆ. ನಾನು ವಿಷಗಾಳಿ ಅಳೆಯುವ ಮೀಟರ್ ಹಿಡಿದು ಅವಳ ಕೋಣೆಗೆ ಹೋದೆ. ಕಿಟಕಿ ತೆರೆದು ಅರ್ಧ ಗಂಟೆಯಾದ ಮೇಲೂ ಎಪ್ಪತ್ತಾರು ತೋರಿಸಿತು. ಇರಬೇಕಾದ್ದು ಸೊನ್ನೆ. ಕೆಳಗಿಳಿದು ಬಂದು ಕ್ಷಮೆ ಕೇಳಲು ಬಾಯಿ ತೆರೆದೆ.

“ಒಂದು ವಾರದಿಂದ ವಾರ್ಡಲ್ಲಿ ಮಾತ್ರೆ ಎಣಿಸಕ್ಕಾಗ್ತಿಲ್ಲ,” ಅಂದಳು ಅವಳು. “ಮೊನ್ನೆ ಒಂದು ಮಗುವಿಗೆ ದೊಡ್ಡವರ ಡೋಸ್ ಕೊಡೋಕೆ ಹೋಗಿದ್ದೆ. ಜೊತೆಯವಳು ಕೈ ಹಿಡಿದಳು. ನನ್ನ ತಲೆಯೇ ಕೆಡ್ತಿದೆ, ಕೆಲಸ ಬಿಡಬೇಕು ಅಂತ ಅತ್ತಿದೀನಿ. ಕಾಗದದಲ್ಲಿರೋ ಸಹಿ ನಿಮ್ಮದೇ ಅಲ್ವಾ?”

“ನನ್ನದೇ.”

“ಚೆನ್ನಾಗಿದೆ ಸಹಿ,” ಎಂದು ಮುಖ ತಿರುಗಿಸಿದಳು. ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಒಲೆಯ ಕೆಂಡ ತೋಡಿ ಹೊರಗೆ ಹಾಕಿದೆವು. ಕಬ್ಬಿಣ ಆರುವವರೆಗೂ ಅಣ್ಣನನ್ನು ಬೈದೆ. ಸೋಮಾರಿ ಅಂದೆ, ಹೇಡಿ ಅಂದೆ, ನಿನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕೊಟ್ಟವರಿಗೆ ಹೊಡೀಬೇಕು ಅಂದೆ. ಅವನು ತಲೆ ತಗ್ಗಿಸಿ ಒಲೆಯ ಕೆಳಗೆ ಗೋಣಿ ತೂರಿಸುತ್ತಿದ್ದ. ಇಬ್ಬರೂ ಸೇರಿ ಒಲೆಯನ್ನು ಗೂಡಿನಿಂದ ಎಳೆದೆವು. ಮೇಲೆ ಚಿಮಣಿಯ ಬಾಯಿಗೆ ಮುಚ್ಚಿದ ಪ್ಲೇಟಿನ ಸ್ಕ್ರೂ ಒಂದೊಂದಾಗಿ ಬಿಚ್ಚಿದೆ. ಕೊನೆಯದು ಸಡಿಲವಾದದ್ದೇ ತಡ, ಕಾಳು ಧೋ ಎಂದು ಸುರಿಯಿತು. ಎಂಟು ಮೂಟೆ ಕಾಳು. ಜಮಖಾನೆ ಮುಳುಗಿತು, ಕುರ್ಚಿ ಕಾಲು ಮುಳುಗಿತು, ನಾವು ಮೊಣಕಾಲವರೆಗೆ ಮುಳುಗಿದೆವು. ಅತ್ತೆ ತಮ್ಮ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತು, “ಇಷ್ಟೊಂದಿತ್ತಾ!” ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ದೂಳು ಇಳಿದ ಮೇಲೆ ಟಾರ್ಚ್ ಹಿಡಿದು ಗೂಡಿನೊಳಗೆ ತಲೆ ತೂರಿಸಿದೆ. ಅಂದುಕೊಂಡದ್ದೇ. ಮೇಲಿಂದ ಬಂದ ಲೈನರ್ ಒಂದು ಗೇಣು ಮೊದಲೇ ಮುಗಿದಿತ್ತು. ಅದರ ತುದಿಗೆ ಬೇಕರಿಯವರ ತುಂಡು ಸಿಕ್ಕಿಸಿ, ಸಿಮೆಂಟು ಮೆತ್ತಿ, ಸುತ್ತಲೂ ತಂತಿ ಬಿಗಿದಿದ್ದರು. ಬೆಂಕಿಯ ಕಾವಿಗೆ ಸಿಮೆಂಟು ಸೀಳಿ, ಎರಡು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು.

“ನೋಡು ಬಾ, ನಿನ್ನ ಕರಾಮತ್ತು,” ಎನ್ನುತ್ತ ತಂತಿಯ ಗಂಟಿಗೆ ಇಕ್ಕಳ ಹಾಕಿ ತಿರುಗಿಸಿದೆ. ಬಿಚ್ಚಲಿಲ್ಲ, ಇನ್ನೂ ಬಿಗಿಯಾಯಿತು. ಮತ್ತೆ ತಿರುಗಿಸಿದೆ. ಮತ್ತೆ ಬಿಗಿಯಾಯಿತು. ಆಗ ಕೈ ನಿಂತಿತು. ಈ ಗಂಟು ಉಲ್ಟಾ ಸುತ್ತಿತ್ತು. ನಮ್ಮಲ್ಲಿ ತಂತಿಯನ್ನು ಹೀಗೆ ಎಡಕ್ಕೆ ತಿರುಚುವವನು ಒಬ್ಬನೇ. ಅಪ್ಪ ಎಡಚ.

ಗೂಡಿನಿಂದ ತಲೆ ಹೊರಗೆ ತೆಗೆದೆ. ಅಣ್ಣ ನನ್ನನ್ನೇ ನೋಡುತ್ತಿದ್ದ.

“ಊಟ ತರೋಕೆ ಹೋಟೆಲಿಗೆ ಕಳಿಸಿದ್ರು,” ಅಂದ ಮೆಲ್ಲಗೆ. “ಬರೋಷ್ಟರಲ್ಲಿ ಪ್ಲೇಟ್ ಮುಚ್ಚಿ, ಅಪ್ಪ ಮೇಲೆ ಹತ್ತಿ ಕಾಳು ಸುರೀತಿದ್ರು. ಅಪ್ಪ ಗೋಡೆಯಿಂದ ತಂದು ಗಾಡಿಗೆ ಹಾಕಿದ್ದ ಬೇಕರಿಯವರ ತುಂಡು ಕಾಣಲಿಲ್ಲ. ಕೇಳೋಣ ಅಂದ್ಕೊಂಡೆ.”

“ಕೇಳಲಿಲ್ಲ.”

“ಅಪ್ಪನ್ನ ಯಾರು ಕೇಳ್ತಾರೆ? ನೀನು ಕೇಳಿದ್ಯಾ?”

ಬೈದಿದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಅದನ್ನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಆಗಲೇ ಊರು ದಾಟಿ ವರ್ಕ್‌ಶಾಪ್ ತಲುಪಿತ್ತು. ಕಾಳು ತುಂಬಲು ಅಣ್ಣನನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ಹೊರಟೆ.

ಅಪ್ಪ ಬೆಂಚಿನ ಮುಂದೆ ಕೂತು ತಗಡಿನ ಅಂಚಿಗೆ ಅರ ಉಜ್ಜುತ್ತಿದ್ದ. ಟೋಪಿಯನ್ನು ಮತ್ತೆ ಅದೇ ಮೊಳೆಗೆ ಹಾಕಿದ್ದ. ಕತ್ತರಿಸಿ ತಂದ ಜೋಡಣೆಯನ್ನು ತಂತಿ ಸಮೇತ ಅವನ ಮುಂದೆ ಎಸೆದೆ. ಅವನು ಅದನ್ನು ತಿರುಗಿಸಿ ನೋಡಿ, “ಸಿಮೆಂಟ್ ಸರಿಯಿಲ್ಲ,” ಅಂದ.

“ಲೈನರ್ ಯಾಕೆ ಸಾಲಲಿಲ್ಲ?”

“ಕಾರ್ಖಾನೆಯವರು ಕಮ್ಮಿ ಕಳಿಸಿದ್ರು.”

“ನೀನು ಎಷ್ಟು ಹೇಳಿದ್ಯೋ ಅಷ್ಟೇ ಕಳಿಸಿದಾರೆ. ರಸೀದಿ ನೋಡ್ಕೊಂಡೇ ಬಂದಿದೀನಿ. ಅಳತೆ ಯಾವುದರಲ್ಲಿ ಮಾಡಿದೆ?”

ಕೇಳಬೇಕಾದದ್ದೇ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನಮ್ಮಪ್ಪನಿಗೆ ಅವನ ಹಗ್ಗ ಮುದ್ದು. ಮೊಳಕ್ಕೊಂದು ಗಂಟಿನ ನಾರಿನ ಹಗ್ಗ, ತುದಿಗೆ ಸೀಸದ ಗುಂಡು. ಮೂವತ್ತೈದು ವರ್ಷದಿಂದ ಅದನ್ನೇ ಚಿಮಣಿಗೆ ಇಳಿಬಿಟ್ಟು ಗಂಟೆಣಿಸುತ್ತಾನೆ. ಊರಲ್ಲಿ ಅವನ ಹೆಸರೇ ಹಗ್ಗದ ಮೇಸ್ತ್ರಿ. ನಾನು ಸ್ಟೀಲ್ ಟೇಪು ತಂದುಕೊಟ್ಟ ದಿನ, “ಇದು ದರ್ಜಿಗಳಿಗೆ,” ಎಂದು ಅಮ್ಮನ ಹೊಲಿಗೆ ಪೆಟ್ಟಿಗೆಗೆ ಹಾಕಿದ್ದ.

ಹಗ್ಗವನ್ನು ಗೂಟದಿಂದ ಇಳಿಸಿ ನೆಲದ ಮೇಲೆ ಉದ್ದಕ್ಕೆ ಎಳೆದೆ. ಪಕ್ಕದಲ್ಲಿ ನನ್ನ ಟೇಪು ಬಿಚ್ಚಿದೆ. ಮೊದಲ ಗಂಟು ಒಂದೂವರೆ ಬೆರಳು ಮುಂದಿತ್ತು. ಐದನೆಯದು ಎಂಟು ಬೆರಳು. ಇಪ್ಪತ್ತೆರಡನೆಯ ಗಂಟಿನ ಹೊತ್ತಿಗೆ ಹಗ್ಗ ಟೇಪಿಗಿಂತ ಒಂದು ಮೊಳದ ಮೇಲೆ ಒಂದು ಗೇಣು ಮುಂದೆ ಹೋಗಿತ್ತು. ಮೂವತ್ತೈದು ವರ್ಷ ಸೀಸದ ಗುಂಡು ಹೊತ್ತು ಹಗ್ಗ ಹಿಗ್ಗಿತ್ತು. ಹಿಗ್ಗಿದ ಹಗ್ಗಕ್ಕೆ ಚಿಮಣಿ ಗಿಡ್ಡವಾಗಿ ಕಾಣುತ್ತದೆ. ಗೋಡೆಯೂ ಇದನ್ನೇ ಹೇಳುತ್ತಿತ್ತು, ನೋಡುವ ಕಣ್ಣಿರಲಿಲ್ಲ ಅಷ್ಟೆ. ಹಳೇ ತುಂಡುಗಳು ಗೇಣುದ್ದ, ಆಮೇಲಿನವು ನಾಲ್ಕು ಬೆರಳು, ಆಮೇಲೆ ಬಳೆಯಷ್ಟು, ಕೊನೆಗೆ ಟೋಪಿ. ತಗ್ಗು ಮನೆಗಳು ಹೇಗೋ ಪಾರಾಗಿದ್ದವು. ನರ್ಸಮ್ಮನದು ಎತ್ತರದ ಮನೆ.

“ನೋಡಿದ್ಯಾ?” ಅಂದೆ.

ಅಪ್ಪ ನೋಡಿದ. ಕಿವಿ ಕೆಂಪಾಯಿತು. ಆದರೆ ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

“ಹಗ್ಗ ಹಿಗ್ಗಿದ್ರೆ ಹಿಗ್ಗಲಿ. ನನ್ನ ಜೋಡಣೆ ಬಿಡಲ್ಲ. ಇದೊಂದು ಸಿಮೆಂಟಿನ ದೋಷ. ಏನು ಮಹಾ ಅನಾಹುತ ಅನ್ನೋ ಹಾಗೆ ಕುಣೀತಿದೀಯ? ನಮ್ಮ ಮನೆ ಚಿಮಣಿಗೂ ಹೀಗೇ ಸಾಲಲಿಲ್ಲ, ಹೀಗೇ ಜೋಡಿಸಿದೆ. ಎರಡು ಚಳಿಗಾಲ ಆಯ್ತು. ಏನಾಗಿದೆ? ಯಾರಿಗೇನಾಗಿದೆ ಹೇಳು!”

ಅಂಗಳದಾಚೆ, ಮಹಡಿ ಕೋಣೆಯಲ್ಲಿ, ಹೊಲಿಗೆ ಯಂತ್ರ ಓಡುತ್ತಿದ್ದುದು ಕೇಳಿಸುತ್ತಿತ್ತು.

“ಅಪ್ಪ,” ಅಂದೆ, “ಅಮ್ಮನಿಗೆ ತಲೆನೋವು ಯಾವಾಗಿಂದ?”

ಅವನ ಕೈಯಲ್ಲಿದ್ದ ಅರ ಬೆಂಚಿನ ಮೇಲೆ ನಿಂತೇ ಹೋಯಿತು. ಆಮೇಲೆ ನಾನು ಯಾವತ್ತೂ ನೋಡದಂತೆ ಅಪ್ಪ ಓಡಿದ.

ನಾನು ಮೀಟರ್ ಹಿಡಿದು ಹಿಂದೆಯೇ ಓಡಿದೆ. ಅವನು ಕೆಳಗೆ ಒಲೆಯ ಕೆಂಡವನ್ನು ಬಕೆಟ್ಟಿಗೆ ತೋಡುತ್ತಿದ್ದ. ನಾನು ಮೇಲೆ ಹತ್ತಿದೆ. ಅಮ್ಮ ಚಳಿಯೆಂದು ಕಿಟಕಿ ಭದ್ರವಾಗಿ ಮುಚ್ಚಿ, ಬೆಚ್ಚಗಿರಲೆಂದು ಚಿಮಣಿ ಹಾಯುವ ಗೋಡೆಗೇ ಬೆನ್ನು ಕೊಟ್ಟು ಕೂತಿದ್ದಳು. ಮೀಟರ್ ಮೂವತ್ತು ತೋರಿಸಿತು, ಮೂವತ್ತೆಂಟು, ನಲವತ್ತನಾಲ್ಕು. ನಮ್ಮ ಚಿಮಣಿಗೆ ಕಾಳು ಸುರಿದಿರಲಿಲ್ಲ, ಅದಕ್ಕೇ ಯಾವ ಕಾಳೂ ಉದುರಿ ಚಾಡಿ ಹೇಳಲಿಲ್ಲ. ವಿಷಗಾಳಿಯ ಅಲಾರಂ ಹಾಕಿಸಿಕೊಳ್ಳಿ ಎಂದು ಊರಿಗೆಲ್ಲ ಹೇಳುವ ನಾನು ಇಲ್ಲೊಂದು ಹಾಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಆ ಕತ್ತಲೆಯಲ್ಲಿ ನನ್ನಮ್ಮ ಎರಡು ಚಳಿಗಾಲ ಬಟ್ಟೆ ಹೊಲಿದಿದ್ದಳು.

ಕಿಟಕಿ ತೆರೆದೆ, ಅವಳನ್ನು ಕೈಹಿಡಿದು ಅಂಗಳಕ್ಕೆ ಕರೆತಂದೆ, ಎಲ್ಲ ಹೇಳಿದೆ. ಅಪ್ಪ ಬಕೆಟ್ ಹಿಡಿದು ಅಲ್ಲೇ ನಿಂತಿದ್ದ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ.

“ಅಂದ್ರೆ ನನಗೆ ವಯಸ್ಸಾಗಿದ್ದಲ್ಲ,” ಅಂದಳು.

“ಅಲ್ಲಮ್ಮ.”

ಅಪ್ಪನ ಕಡೆ ತಿರುಗಿದಳು. “ನನ್ನ ಮುಖ ಕಂಡ್ರೆ ಇವಳಿಗೆ ತಲೆನೋವು ಅಂತ ಊರಿಗೆಲ್ಲ ಹೇಳಿ ನಗಾಡಿದ್ರಲ್ಲ. ತಂಗಿ ಮನೇಲಿ ಇಲ್ಲದ ತಲೆನೋವು ಈ ಮನೇಲಿ ಯಾಕೆ ಅಂತ ಒಂದು ದಿನ ಯೋಚಿಸ್ಲಿಲ್ವಾ? ಮೂವತ್ತೈದು ವರ್ಷ ಮಾಡಿದ್ದು ಹೊಗೆ ಕೆಲಸ ತಾನೆ? ಬೇರೆ ಯಾರ ಹೆಂಡತಿಯಾದ್ರೂ ಹೀಗೆ ಹೇಳಿದ್ರೆ ಮೊದ್ಲು ಚಿಮಣಿ ನೋಡ್ತಿದ್ರಿ.”

ಅಪ್ಪ ಏನೋ ಹೇಳಲು ಹೋದ. ಅವಳು ಕೈಯೆತ್ತಿದಳು. ಆಮೇಲೆ ನನ್ನ ಕಡೆ ನೋಡಿದಳು.

“ನೀನೂ ಅಷ್ಟೆ,” ಅಂದಳು. “ಕನ್ನಡಕ ಬದಲಾಯಿಸು ಅಂದೆ. ಲೈಸೆನ್ಸ್ ಇದೆ ನಿನಗೆ.”

ಬೆಳಿಗ್ಗೆಯಿಂದ ಎಲ್ಲರ ಮೇಲೂ ಎರಚಿದ ಸಿಟ್ಟು ಆಗ ಮನೆಗೆ ಬಂದು ನನ್ನ ಎದೆಯ ಮೇಲೆ ಕೂತಿತು. ಆವತ್ತಿನಿಂದ ಇವತ್ತಿನವರೆಗೆ ಇಳಿದಿಲ್ಲ.

ಅಮ್ಮ ಚಿಕ್ಕಮ್ಮನ ಮನೆಗೆ ಹೊರಟಳು. ಚೀಲ ತುಂಬಿಕೊಂಡವಳು ಗೇಟಿನ ಕಡೆ ಹೋಗದೆ ವರ್ಕ್‌ಶಾಪಿಗೆ ಬಂದಳು. ಗೋಡೆಯ ಮುಂದೆ ನಿಂತಳು. “ನಮ್ಮ ಮನೆ ಲೈನರ್ ಹಾಕಿದ ದಿನ ಚೀಟಿ ಬರೀಲಾ ಅಂತ ಕೇಳಿದ್ದೆ. ನಮ್ಮ ಮನೆಗೆ ಸಾಕ್ಷಿ ಯಾಕೆ ಅಂದ್ರಿ,” ಎಂದಳು. ಬೆಂಚಿನಿಂದ ಮೊಳೆ, ಸುತ್ತಿಗೆ ತೆಗೆದುಕೊಂಡು ತಾನೇ ಹೊಡೆದಳು. ಚೀಟಿ ಬರೆದಳು, ಅದೇ ಮುದ್ದು ಅಕ್ಷರದಲ್ಲಿ: ನಮ್ಮ ಮನೆ. ಆಮೇಲೆ ಹಣೆಗೆ ಕಟ್ಟಿದ್ದ ನೀಲಿ ಪಟ್ಟಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದಳು. ಎರಡು ಚಳಿಗಾಲದ ಗಂಟಿನ ಗುರುತು ಬಟ್ಟೆಯಲ್ಲಿ ಹಾಗೇ ಉಳಿದಿತ್ತು.

“ಮೂರು ಚಳಿಗಾಲ ಆಗೋವರೆಗೆ ಯಾರೂ ಇದನ್ನ ಇಳಿಸ್ಬೇಡಿ,” ಅಂದಳು. “ಇದರ ಮೇಲೆ ಟೋಪಿ ಹಾಕೀರಿ, ಜೋಕೆ.”

ಗೇಟು ಸದ್ದಾಯಿತು. ಅಪ್ಪ ನೆಲದ ಮೇಲಿದ್ದ ಟೇಪನ್ನು ಎತ್ತಿಕೊಂಡು, ಏಣಿ ಹೆಗಲಿಗೆ ಹಾಕಿ, ನಮ್ಮ ಮನೆಯ ಚಿಮಣಿ ಅಳೆಯಲು ಹೊರಟ. ನಾನು ಏಣಿಯನ್ನು ಅವನ ಕೈಯಿಂದ ಕಿತ್ತುಕೊಂಡೆ.

“ನೀನು ಕೆಳಗೆ ನಿಂತು ಬರ್ಕೋ,” ಎಂದೆ. “ನಾನು ಓದಿ ಹೇಳ್ತೀನಿ.”